ಕಲ್ಚರ್ ಪ್ರತಿ ಸಲ ಕ್ಲೀನ್, ಮೂತ್ರಕೋಶದ ನೋವು ಮಾತ್ರ ಹೋಗುತ್ತಿಲ್ಲ

ನಿದ್ದೆಗೆಟ್ಟವಳು:
ಕಿಬ್ಬೊಟ್ಟೆಯಲ್ಲಿ ಒತ್ತಿ ಹಿಡಿದಂಥ ನೋವು. ಮೂತ್ರ ತುಂಬಿದ ಹಾಗೆಲ್ಲ ಜಾಸ್ತಿಯಾಗುತ್ತದೆ, ಹೋಗಿ ಬಂದರೆ ಸ್ವಲ್ಪ ಹೊತ್ತು ಆರಾಮ, ಮತ್ತೆ ಶುರು. ರಾತ್ರಿಯೆಲ್ಲ ಎದ್ದು ಓಡಾಡುವುದೇ ಆಗಿದೆ. ಹೋದಲ್ಲೆಲ್ಲ ಆಂಟಿಬಯಾಟಿಕ್ ಬರೆದರು. ಸೋಂಕು ಇದೆಯಾ ಅಂತ ನೋಡುವ ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಒಂದು ಸಲವೂ ಏನೂ ಬೆಳೆದಿಲ್ಲ. ಒಬ್ಬರಂತೂ "ಟೆನ್ಷನ್ ಮಾಡ್ಕೋಬೇಡಿ" ಅಂದು ಕಳಿಸಿದರು. ಈಗ ಹೊಸ ಡಾಕ್ಟರು ಇದು ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ (ಸೋಂಕಿಲ್ಲದೆಯೂ ಮೂತ್ರಕೋಶ ನೋಯುವ ಕಾಯಿಲೆ) ಇರಬಹುದು ಅಂತ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಕೊಟ್ಟಿದ್ದಾರೆ. ಅದು ಡಿಪ್ರೆಶನ್ ಮಾತ್ರೆ ಅಲ್ವಾ? ನನ್ನ ನೋವು ಬರೀ ಮನಸ್ಸಿನದ್ದು ಅಂತಾನಾ? ಮತ್ತೆ, ನೀರು ಕಡಿಮೆ ಕುಡಿದರೆ ಓಡಾಟ ತಪ್ಪುತ್ತದಾ?

ಹಳೇ ರೋಗಿ:
ಅಲ್ಲ ಮಾರಾಯ್ತಿ. ಇಷ್ಟು ಸಣ್ಣ ಡೋಸ್ ಕೊಡುವುದು ನರಗಳ ನೋವು ತಗ್ಗಿಸಲು. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ. ಮಲಬದ್ಧತೆ ಬಂದರೆ ಸುಮ್ನೆ ಇರಬೇಡಿ, ಹೊಟ್ಟೆ ಕಟ್ಟಿದರೆ ಕೆಳಗಿನ ನೋವೂ ಏರುತ್ತದೆ.

ನೀರು ಬಿಡಲೇಬೇಡಿ. ಮೂತ್ರ ಗಟ್ಟಿಯಾದಷ್ಟೂ ಉರಿ ಜಾಸ್ತಿ. ಹಗಲಿಡೀ ಗುಟುಕು ಗುಟುಕಾಗಿ ಕುಡಿಯಿರಿ, ಮಲಗುವ ಮುಂಚೆ ಕಡಿಮೆ ಮಾಡಿ.

ಬಚ್ಚಲಲ್ಲಿ ಒಂದು ಅಳತೆ ಲೋಟ ಇಡಿ. ಎಷ್ಟು ಹೊತ್ತಿಗೆ, ಎಷ್ಟು ಮಿಲಿಲೀಟರ್, ನೋವು ಹತ್ತಕ್ಕೆ ಎಷ್ಟು, ಅದಕ್ಕೂ ಮುಂಚೆ ಏನು ತಿಂದಿದ್ದಿರಿ, ಬರೆಯಿರಿ. "ಪದೇ ಪದೇ ಹೋಗುತ್ತೇನೆ" ಅಂದರೆ ಡಾಕ್ಟರು ತಲೆಯಾಡಿಸುತ್ತಾರೆ. ಎಂಬತ್ತು, ಅರವತ್ತು, ತೊಂಬತ್ತು ಅಂತ ಸಾಲಾಗಿ ಬರೆದ ಹಾಳೆ ಮುಂದಿಟ್ಟರೆ ಪೆನ್ನು ಕೆಳಗಿಟ್ಟು ಓದುತ್ತಾರೆ.

ಆಹಾರದ ವಿಷಯ: ಕಾಫಿ, ಟೀ, ಹುಳಿ ಹಣ್ಣು, ಟೊಮೆಟೊ, ಸೋಡಾ, ಖಾರ, ಮದ್ಯ, ಇವು ಅನೇಕರಿಗೆ ಆಗುವುದಿಲ್ಲ. ಎಲ್ಲರಿಗೂ ಎಲ್ಲವೂ ಅಲ್ಲ. ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ತಿಂದು ನೋಡಿ. ನನಗೆ ಟೊಮೆಟೊ ಏನೂ ಮಾಡಲ್ಲ, ಕಾಫಿ ಮಾತ್ರ ಶತ್ರು. ಪಟ್ಟಿ ನೋಡಿ ಹೆದರಿ ಊಟವನ್ನೇ ಬಿಟ್ಟು ಸೊರಗಿದವರಿದ್ದಾರೆ. ಅದು ಬೇಡ.

ಮುಖ್ಯವಾದದ್ದು, ಸಿಸ್ಟೋಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆ ಹಾಕಿ ಮೂತ್ರಕೋಶದ ಒಳಗೆ ನೋಡುವುದು, ಆಗಿದೆಯಾ? ಕೆಲವರಿಗೆ ಕೋಶದ ಒಳಗೋಡೆಯಲ್ಲಿ ಕೆಂಪು ಗಾಯಗಳಿರುತ್ತವೆ, ಹನ್ನರ್ ಲೀಷನ್ ಅಂತಾರೆ. ಅದಿದ್ದರೆ ದಾರಿಯೇ ಬೇರೆ. ಗಾಯವನ್ನು ಸುಡುತ್ತಾರೆ, ಇಲ್ಲವೇ ಸ್ಟೆರಾಯ್ಡ್ ಚುಚ್ಚುತ್ತಾರೆ. ತುಂಬಾ ಜನರಿಗೆ ಒಳ್ಳೆ ಆರಾಮ ಸಿಗುತ್ತದೆ, ಮರಳಿ ಬಂದರೆ ಮತ್ತೆ ಮಾಡಬಹುದು. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ, ಬೇಗ ತೋರಿಸಿ.

ಫಿಸಿಯೋ:
ಒಂದು ಮಾತು. ಯಾರಾದರೂ ಕೀಗಲ್ ವ್ಯಾಯಾಮ (ಮೂತ್ರ ತಡೆದು ಹಿಡಿಯುವ ಸ್ನಾಯುಗಳನ್ನು ಬಿಗಿ ಮಾಡುವುದು) ಮಾಡಿ ಅಂದರೆ ಮಾಡಬೇಡಿ. ನೋವಿಗೆ ಹೆದರಿ ಕಿಬ್ಬೊಟ್ಟೆ ತಳದ ಸ್ನಾಯುಗಳು ಆಗಲೇ ಮುಷ್ಟಿ ಕಟ್ಟಿದಂತೆ ಬಿಗಿದುಕೊಂಡಿರುತ್ತವೆ. ಇನ್ನೂ ಬಿಗಿ ಮಾಡುವುದಲ್ಲ, ಸಡಿಲ ಬಿಡುವುದು ಕಲಿಯಬೇಕು. ಉಸಿರು ಒಳಗೆಳೆದುಕೊಳ್ಳುವಾಗ ಹೊಟ್ಟೆ, ಗುದದ ಸುತ್ತ ಎಲ್ಲ ಸಡಿಲ ಬಿಡಿ. ಈ ಸ್ನಾಯುಗಳ ಕೆಲಸ ಗೊತ್ತಿರುವ ಥೆರಪಿಸ್ಟ್ ಹತ್ತಿರ ಹೋದರೆ ಕೈಯಿಂದ ಗಂಟು ಬಿಡಿಸುತ್ತಾರೆ.

ಗಂಡಸರಲ್ಲೂ ಇದೆ:
ನನ್ನದನ್ನು ಪ್ರಾಸ್ಟೇಟ್ ಅಂತಲೇ ಎಷ್ಟೋ ಕಾಲ ನೋಡಿದರು. ಕೊನೆಗೆ ಆರಾಮ ಕೊಟ್ಟಿದ್ದು ಸಣ್ಣ ಕೊಳವೆಯಲ್ಲಿ ಲಿಡೋಕೇನ್ ಎಂಬ ಮರಗಟ್ಟಿಸುವ ಔಷಧಿ, ಜೊತೆಗೆ ಹೆಪಾರಿನ್ ಎಂಬ ಔಷಧಿ ನೇರವಾಗಿ ಕೋಶಕ್ಕೆ ಬಿಡುವುದು. ಹಾಕುವಾಗ ಮುಜುಗರ, ಹಾಕಿದ ಮೇಲೆ ಸ್ವರ್ಗ. ಇದೇ ಕಾಯಿಲೆಗೆ ಪೆಂಟೋಸಾನ್ ಅನ್ನುವ ಮಾತ್ರೆ ಕೊಟ್ಟರೆ ಮೊದಲು ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿ. ಬಹಳ ಕಾಲ ತೆಗೆದುಕೊಂಡವರಲ್ಲಿ ರೆಟಿನಾ ತೊಂದರೆ ಕಂಡಿದೆ ಅಂತ 2018ರಲ್ಲಿ ವರದಿ ಬಂತು, 2020ರಲ್ಲಿ ಅಮೆರಿಕದಲ್ಲಿ ಅದರ ಲೇಬಲ್ ಮೇಲೂ ಎಚ್ಚರಿಕೆ ಸೇರಿಸಿದರು.

ನಿದ್ದೆಗೆಟ್ಟವಳು:
ಮಾತ್ರೆ ಇವತ್ತೇ ಶುರು ಮಾಡುತ್ತೇನೆ. ಸಿಸ್ಟೋಸ್ಕೋಪಿ ಎಚ್ಚರದಲ್ಲೇ ಮಾಡುತ್ತಾರಾ?

ಹಳೇ ರೋಗಿ:
ಬರೀ ನೋಡಲು ಮರಗಟ್ಟಿಸುವ ಜೆಲ್ ಸಾಕು. ಆದರೆ ನಮ್ಮಂಥವರಿಗೆ ಕೋಶ ತುಂಬಿಸಿದರೆ ಜೀವ ಹೋಗುತ್ತದೆ, ಹಿಗ್ಗಿಸಿ ನೋಡುವುದಾದರೆ ಅನಸ್ತೇಶಿಯ ಕೇಳಿ. ಗಾಯ ಕಂಡರೆ ಆಗಲೇ ಸುಡುತ್ತೀರಾ ಅಂತಲೂ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಎರಡು ಸಲ ಟೇಬಲ್ ಹತ್ತಬೇಕಾಗುತ್ತದೆ.