ಅಜ್ಜನ ಬಿಸ್ಕಿಟ್ ಡಬ್ಬಿ: ವಿನುತಾಳಿಗೆ ಒಂದು ಉದ್ದ ವಾಯ್ಸ್

ವಿನುತಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದ್ದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾದೀತು, ಅದಕ್ಕೆ ವಾಯ್ಸ್ ಹಾಕುತ್ತಿದ್ದೇನೆ. ಹಿಂದೆ ಮಳೆ ಶಬ್ದ ಕೇಳಿದರೆ ಬೇಸರ ಮಾಡಬೇಡ. ಅಂಗಳಕ್ಕೆ ಶೀಟು ಹಾಕಿಸಿದ ಮೇಲೆ ನಮ್ಮಲ್ಲಿ ಮಳೆ ಅಂದರೆ ಚೆಂಡೆ ಬಡಿದ ಹಾಗೆ.

ಗ್ರೂಪಿನಲ್ಲಿ ಮೆಸೇಜು ನೋಡದವರಿಗೆ ಹೇಳುತ್ತೇನೆ. ಚಿಕ್ಕಪ್ಪನ ವರ್ಷಾಂತಿಕ ಮುಗಿಸಿ ಕಪಾಟು ಖಾಲಿ ಮಾಡುವಾಗ ಅಜ್ಜನ ನಾಣ್ಯದ ಡಬ್ಬಿ ಸಿಕ್ಕಿದೆ. ವಿನುತಾ ಡಬ್ಬಿ ಸಮೇತ ಉಡುಪಿಯ ಒಂದು ಚಿನ್ನದ ಅಂಗಡಿಗೆ ಹೋಗಿದ್ದಾಳೆ. ಅವರು ಮೇಲಿನ ನಾಲ್ಕು ನಾಣ್ಯ ಮಗುಚಿ ನೋಡಿ, ಒಟ್ಟಿಗೆ ಇಷ್ಟು ಕೊಡುತ್ತೇನೆ ಅಂದರಂತೆ. ದುಬೈಯಿಂದ ರಾಘು, ಕೊಡಬೇಡಿ, ನಾನು ಬಂದಾಗ ಇಲ್ಲಿಗೆ ತರುತ್ತೇನೆ ಅನ್ನುತ್ತಿದ್ದಾನೆ. ಶೋಭಾ, ಮೂರು ಪಾಲು ಮಾಡಿ ಮುಗಿಸಿ ಅನ್ನುತ್ತಾಳೆ. ಹಳೇ ನಾಣ್ಯಕ್ಕೆ ಲಕ್ಷ ಸಿಗುತ್ತದೆ ಅನ್ನುವ ಯೂಟ್ಯೂಬ್ ವಿಡಿಯೋ ಭಾವ ಕಳಿಸಿದ್ದಾರೆ. ಸರಿಯಾದ ಬೆಲೆ ಯಾರು ಹೇಳುತ್ತಾರೆ ಸುಮಕ್ಕಾ ಅಂತ ನೀನು ಕೇಳಿದ್ದು, ಅಲ್ವಾ?

ಕೊಳ್ಳುವವನ ಹತ್ತಿರ ಬೆಲೆ ಕೇಳಬೇಡ ಮಾರಾಯ್ತಿ. ನನ್ನದು ಅದೊಂದೇ ಮಾತು, ಉಳಿದದ್ದೆಲ್ಲ ಅದಕ್ಕೆ ಕಟ್ಟಿದ ಬಾಲ.

ಇದು ನನಗೆ ಹೇಗೆ ಗೊತ್ತು ಅಂದರೆ, ಈ ಡಬ್ಬಿಯ ಅರ್ಧ ಒಮ್ಮೆ ನಮ್ಮ ಮನೆಯಲ್ಲಿತ್ತು. ಅಜ್ಜನಿಗೆ ಬಾರ್ಕೂರಿನಲ್ಲಿ ಜೀನಸಿನ ಅಂಗಡಿ ಇತ್ತಲ್ಲ, ಗಲ್ಲಾಪೆಟ್ಟಿಗೆಗೆ ಬಂದ ಒಳ್ಳೆಯ ರೂಪಾಯಿಗಳನ್ನು ತೆಗೆದಿಟ್ಟು ದೀಪಾವಳಿಯ ಅಂಗಡಿಪೂಜೆಗೆ ಇಡುತ್ತಿದ್ದರು. ಪಾಲಾದಾಗ ಅರ್ಧ ನಮ್ಮ ಅಪ್ಪನಿಗೆ, ಅರ್ಧ ಚಿಕ್ಕಪ್ಪನಿಗೆ. ನಮ್ಮ ಪಾಲಿಗೆ ಬಂದದ್ದು 84 ಬೆಳ್ಳಿ ರೂಪಾಯಿ. ಅಪ್ಪ ತೀರಿಕೊಂಡ ಮೇಲೆ ನಾನು, ತಮ್ಮ ಇಬ್ಬರೂ ಅದನ್ನು ಒಂದು ಅಂಗಡಿಗೆ ಒಯ್ದೆವು. ಹೆಸರು ಹೇಳುವುದಿಲ್ಲ, ಈಗ ಆ ಅಂಗಡಿಯೂ ಇಲ್ಲ. ಅಮ್ಮ ಹಿಂದಿನ ದಿನವೇ ಎಲ್ಲವನ್ನೂ ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಹೊಳೆಯುವ ಹಾಗೆ ಮಾಡಿದ್ದರು. ಅಂಗಡಿಯವರು ತಕ್ಕಡಿಗೆ ಸುರಿದು, ಇದರಲ್ಲಿ ಅರ್ಧ ತಾಮ್ರ ಅಂದರು. ಅರ್ಧ ಬೆಳ್ಳಿಗೆ ಲೆಕ್ಕ ಹಾಕಿ, ಕರಗಿಸಿದ ನಷ್ಟ ಅಂತ ಇನ್ನಷ್ಟು ಮುರಿದು ದುಡ್ಡು ಕೊಟ್ಟರು. ನಾವು ಥ್ಯಾಂಕ್ಸ್ ಹೇಳಿ, ಹೊರಗೆ ಗೋಲಿ ಬಜೆ ತಿಂದು ಮನೆಗೆ ಬಂದೆವು.

ಸುಮಾರು ಮೂರು ವರ್ಷ ಆದ ಮೇಲೆ ತಮ್ಮನ ಹಳೇ ನೋಟ್‌ಬುಕ್ಕಿನ ಕೊನೆಯ ಹಾಳೆ ಸಿಕ್ಕಿತು. ಶಾಲೆಗೆ ಹೋಗುವಾಗ ಅವನು ಅಷ್ಟೂ ರೂಪಾಯಿಯ ಇಸವಿ ಬರೆದಿಟ್ಟಿದ್ದ. ಲೆಕ್ಕ ಹಾಕಿದೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದಕ್ಕೆ ಒಂದು ತೊಲ ತೂಕ, 11.66 ಗ್ರಾಂ. 1939ರವರೆಗಿನದ್ದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಯುದ್ಧ ಬಂದು ಬೆಳ್ಳಿ ಸಾಲದೆ 1940ರಿಂದ ಅದನ್ನು ಅರ್ಧಕ್ಕೆ ಇಳಿಸಿದರು. ತೂಕ ಅಷ್ಟೇ, ಮುಖ ಹೆಚ್ಚುಕಡಿಮೆ ಅದೇ. ನಮ್ಮ 84ರಲ್ಲಿ 50 ಹಳೆಯವು, ಅಂದರೆ ಒಂದೊಂದರಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ. ಅವರು ಕೊಟ್ಟದ್ದು 5.83 ಗ್ರಾಮಿನ ಲೆಕ್ಕ. ಸವೆದದ್ದನ್ನು ಸ್ವಲ್ಪ ಕಳೆದರೂ ಕಾಲು ಕಿಲೋ ಹತ್ತಿರ ಬೆಳ್ಳಿ ಸುಮ್ನೆ ಹೋಯಿತು. ಇದು ಬರೀ ಲೋಹದ ಲೆಕ್ಕ. ಅದರೊಳಗೆ ಒಳ್ಳೆಯ ಇಸವಿ ಯಾವುದಿತ್ತು ಅಂತ ನಾನು ಹುಡುಕಲಿಕ್ಕೇ ಹೋಗಲಿಲ್ಲ, ಹುಡುಕಿದರೆ ನಿದ್ದೆ ಬರುತ್ತಿರಲಿಲ್ಲ.

ಈಗ ನಿನ್ನ ಡಬ್ಬಿಗೆ ಬರುತ್ತೇನೆ. ಫೋಟೋವನ್ನು ಎರಡೆರಡು ಸಲ ದೊಡ್ಡದು ಮಾಡಿ ನೋಡಿದೆ.

ವಿಕ್ಟೋರಿಯಾ ರಾಣಿಯ ರೂಪಾಯಿಗಳು. ಅದರಲ್ಲಿ ಜಾಸ್ತಿ 1862 ಅಂತ ಕಾಣುತ್ತದೆ. ಇಷ್ಟು ಹಳೆಯದು ಅಂತ ಖುಷಿಪಡಬೇಡ. ಅದೇ 1862 ಇಸವಿ ಹಾಕಿ 1874ರವರೆಗೂ ಹೊಡೆಯುತ್ತಲೇ ಇದ್ದರು, ಹಾಗಾಗಿ ಅದು ರಾಶಿ ರಾಶಿ ಸಿಗುತ್ತದೆ. ಹಳೆಯದು ಬೇರೆ, ಅಪರೂಪದ್ದು ಬೇರೆ. ಅಪರೂಪ ಅಂದರೆ ರಾಜರ ರೂಪಾಯಿಯಲ್ಲಿ 1939 ಇದ್ದರೆ ಅದನ್ನು ಬೇರೆ ಇಡು. ಆದರೆ 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡಿದವೂ ಓಡಾಡುತ್ತಿವೆ, ಅದಕ್ಕೆ ಲೆನ್ಸು ಬೇಕು. 1911ರದ್ದು ಒಂದು ಕಂಡ ಹಾಗಾಯಿತು. ಅದರ ಕಥೆ ಚೆನ್ನಾಗಿದೆ. ಐದನೇ ಜಾರ್ಜ್ ಮೈಮೇಲಿನ ಸರದಲ್ಲಿ ಒಂದು ಸಣ್ಣ ಆನೆ ಇದೆ, ಸೊಂಡಿಲು ಗಿಡ್ಡ. ಜನರಿಗೆ ಅದು ಹಂದಿಯ ಹಾಗೆ ಕಂಡು ಗಲಾಟೆಯಾಯಿತು. ಸರಕಾರ ನಾಣ್ಯವನ್ನು ವಾಪಸು ತೆಗೆದುಕೊಂಡು, 1912ರಲ್ಲಿ ಆನೆಯನ್ನು ಸರಿಯಾಗಿ ಬಿಡಿಸಿ ಹೊಸದು ತಂದಿತು. ಅದನ್ನು ಈಗಲೂ ಪಿಗ್ ರುಪೀ ಅಂತಲೇ ಕರೆಯುತ್ತಾರೆ. ಬೆಳ್ಳಿಯ ಬೆಲೆಗೆ ಮಾತ್ರ ಕೊಡಬೇಡ.

ಆರನೇ ಜಾರ್ಜ್‌ನವನ್ನು ಬೇರೆ ಗುಂಪು ಮಾಡು. ನಾಣ್ಯವನ್ನು ನಿಲ್ಲಿಸಿ ಹಿಡಿದು ಅಂಚು ನೋಡು, ಅರ್ಧ ಬೆಳ್ಳಿಯದ್ದರಲ್ಲಿ ಗೀರುಗಳ ನಡುವೆ ಒಂದು ತೋಡಿನಂಥ ಗೆರೆ ಸುತ್ತಲೂ ಹೋಗಿರುತ್ತದೆ. ಹಿಂದೆ ಹುಲಿ ಇರುವ 1947ರ ರೂಪಾಯಿ ಬೆಳ್ಳಿಯೇ ಅಲ್ಲ, ನಿಕ್ಕಲ್. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ತಂದು ಮುಟ್ಟಿಸು, ಟಕ್ಕಂತ ಹಿಡಿದುಕೊಳ್ಳುತ್ತದೆ.

ತೂತಿನ ಕಾಸು ಒಂದು ಹಿಡಿ ಉಂಟಲ್ಲ, ಅದು ಮಕ್ಕಳಿಗೆ ಒಂದೊಂದು ಕೊಡಲಿಕ್ಕೆ ಒಳ್ಳೆಯದು. 1943ರಿಂದ 47ರವರೆಗೆ ಲೋಹ ಉಳಿಸಲಿಕ್ಕೆ ತೂತು ಮಾಡಿದ್ದು, ಎಲ್ಲರ ಮನೆಯಲ್ಲೂ ಇದೆ.

ಹನುಮಂತ ಇರುವ ದೊಡ್ಡ ನಾಣ್ಯ, ಈಸ್ಟ್ ಇಂಡಿಯಾ ಕಂಪನಿ, ಹಾಫ್ ಆಣೆ, 1818 ಅಂತ ಬರೆದದ್ದು, ಭಾವ ಇದನ್ನೇ ಲಕ್ಷ ಅಂದದ್ದು ಅಲ್ವಾ? ಬೇಸರ ಮಾಡಬೇಡಿ ಭಾವ, ಕಂಪನಿಯವರು ಅಂಥ ನಾಣ್ಯ ಹೊಡೆಯಲೇ ಇಲ್ಲ. ಜಾತ್ರೆಯಲ್ಲಿ, ತೀರ್ಥಕ್ಷೇತ್ರದ ಬೀದಿಯಲ್ಲಿ ಮಾರಲು ಆಮೇಲೆ ಮಾಡಿದ್ದು. ದೇವರ ಕೋಣೆಯಲ್ಲಿ ಇಟ್ಟುಕೊಳ್ಳಿ. ವೈಷ್ಣೋದೇವಿಯ ಐದು ರೂಪಾಯಿಯ ವಿಡಿಯೋ ಕೂಡ ಅದೇ ಜಾತಿ. ನಾಣ್ಯ ಅಸಲಿಯೇ, 2012ರದ್ದು, ಆದರೆ ಲಕ್ಷ ಯಾರೂ ಕೊಡುವುದಿಲ್ಲ. ಫೋಟೋ ಕಳಿಸಿ ಅನ್ನುತ್ತಾರೆ, ಆಮೇಲೆ ನೋಂದಣಿ ಫೀಸು, ಕಮಿಷನ್, ತೆರಿಗೆ ಅಂತ ನಮ್ಮಿಂದಲೇ ದುಡ್ಡು ಹಾಕಿಸಿಕೊಳ್ಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಮುದ್ರೆ ಎಲ್ಲ ಹಾಕುತ್ತಾರೆ. ಹಳೆಯ ನೋಟು ನಾಣ್ಯದ ವ್ಯವಹಾರಕ್ಕೂ ನಮಗೂ ಸಂಬಂಧ ಇಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಡಬ್ಬಿಯ ಮೂಲೆಯಲ್ಲಿ ಕಾಗದದ ಪೊಟ್ಟಣ ಬಿಚ್ಚಿ ಇಟ್ಟಿದ್ದೀಯಲ್ಲ, ಅದರಲ್ಲಿ ತೊಗರಿಬೇಳೆಯಷ್ಟು ಸಣ್ಣ ಮೂರು ಚೂರು. ಅದು ಓಲೆಯಿಂದ ಬಿದ್ದ ಚೂರಲ್ಲ. ಅದು ಹಣ, ಅಂದರೆ ಹಣ ಅನ್ನುವ ಹೆಸರಿನ ಹಳೇ ಚಿನ್ನದ ನಾಣ್ಯ. ನಾವು ಈಗ ದುಡ್ಡಿಗೆಲ್ಲ ಹಣ ಅನ್ನುವುದು ಈ ನಾಣ್ಯದ ಹೆಸರಿನಿಂದಲೇ. ಕಾಲು ಗ್ರಾಂಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಅಷ್ಟೇ. ಅಂಗಡಿಯವರು ಅದನ್ನು ಹಳೇ ಚಿನ್ನದ ಚೂರುಪಾರು ಅಂತ ತೂಗಿದರೆ ಅದು ಅಲ್ಲಿಗೆ ಮುಗಿಯಿತು. ಸಂಗ್ರಹ ಮಾಡುವವರು ಅದರ ಮೇಲಿನ ಗೆರೆ, ಚುಕ್ಕಿ ನೋಡಿ ಯಾವ ರಾಜ್ಯದ್ದು ಅಂತ ಹೇಳುತ್ತಾರೆ. ಬೇರೆ ಸಣ್ಣ ಡಬ್ಬಿಗೆ ಹಾಕು, ಸೀನಿದರೆ ಹಾರಿಹೋದೀತು.

ಆನೆಯ ತಾಮ್ರದ ದುಡ್ಡು ನಾಲ್ಕೂ ಟಿಪ್ಪುವಿನವು. ಇನ್ನೊಂದು ಬದಿಯಲ್ಲಿ ಫಾರ್ಸಿಯಲ್ಲಿ ಟಂಕಸಾಲೆಯ ಹೆಸರು ಇರುತ್ತದೆ. ಶ್ರೀರಂಗಪಟ್ಟಣದ್ದು ಜಾಸ್ತಿ ಸಿಗುತ್ತದೆ. ನಮ್ಮ ಘಟ್ಟದ ಮೇಲೆ ನಗರ ಅನ್ನುವ ಊರಿದೆಯಲ್ಲ, ಅಲ್ಲೂ ಟಂಕಸಾಲೆ ಇತ್ತು. ಬೆಲೆ ನಿಲ್ಲುವುದು ಆ ಹೆಸರಿನ ಮೇಲೆ, ಆನೆಯ ಮೇಲೆ ಅಲ್ಲ.

ಚಿಕ್ಕಮ್ಮನ ಪವನಿಗೆ, ಆ ಚಿನ್ನದ ನಾಣ್ಯಕ್ಕೆ, ಸರಕ್ಕೆಂದು ಕೊಂಡಿ ಬೆಸೆದಿದ್ದಾರೆ. ಬೆಸುಗೆ ಬಿದ್ದ ನಾಣ್ಯಕ್ಕೆ ಚಿನ್ನದ ಬೆಲೆ ಅಷ್ಟೇ. ಮಾರುವುದು ಯಾಕೆ, ಅದನ್ನು ಚಿಕ್ಕಮ್ಮನೇ ಹಾಕಿಕೊಳ್ಳಲಿ.

ಯಾವುದನ್ನೂ ತೊಳೆಯಬೇಡ, ಆಯ್ತಾ? ಹುಣಸೆಹುಳಿ, ವಿಭೂತಿ, ಟೂತ್‌ಪೇಸ್ಟು, ಏನೂ ಬೇಡ. ಆ ಕಪ್ಪು ಬಣ್ಣಕ್ಕೇ ಸಂಗ್ರಹ ಮಾಡುವವರು ದುಡ್ಡು ಕೊಡುವುದು. ತಿಕ್ಕಿದರೆ ಸಣ್ಣ ಸಣ್ಣ ಗೀರು ಬೀಳುತ್ತದೆ, ಲೆನ್ಸಿನಲ್ಲಿ ಎಲ್ಲ ಕಾಣುತ್ತದೆ. ಮೆತ್ತಗಿನ ಪ್ಲಾಸ್ಟಿಕ್ ಆಲ್ಬಮ್ಮಿಗೂ ಹಾಕಬೇಡ, ನಮ್ಮ ಸೆಕೆಗೆ ಹಸಿರು ಜಿಡ್ಡು ಹಿಡಿಯುತ್ತದೆ. ಸದ್ಯಕ್ಕೆ ಒಂದೊಂದನ್ನು ಬಿಳಿ ಕಾಗದದಲ್ಲಿ ಮಡಚಿ ಇಡು.

ಬೆಲೆ ಹೀಗೆ ಕೇಳು. ಮೊದಲು ಪಟ್ಟಿ: ನಂಬರು, ಇಸವಿ, ತೂಕ, ಎರಡೂ ಬದಿಯ ಫೋಟೋ. ಆ ಪಟ್ಟಿ ಈ ಗ್ರೂಪಿಗೆ ಬರಲಿ, ಎಲ್ಲರೂ ನೋಡಲಿ. ಆಮೇಲೆ ಮಂಗಳೂರಿನಲ್ಲಿ ನಾಣ್ಯ ಸಂಗ್ರಹಿಸುವವರು ಇದ್ದಾರಲ್ಲ, ಅವರಲ್ಲಿ ಒಬ್ಬರಿಗೆ ತೋರಿಸಿ, ಮಾರಲಿಕ್ಕಲ್ಲ, ಗುರುತಿಸಿ ಕೊಡಿ ಅಂತಲೇ ಹೇಳು. ಶುಲ್ಕ ಕೇಳಿದರೆ ಕೊಡುವ, ಆದರೆ ಬೆಲೆಯಲ್ಲಿ ನೂರಕ್ಕೆ ಇಷ್ಟು ಅಂತ ಕೇಳಿದರೆ ಬೇಡ. ಒಳ್ಳೆಯ ಏಳೆಂಟು ನಾಣ್ಯದ ಫೋಟೋವನ್ನು ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ತೋಡಿವಾಲಾ, ಇಂಥ ಹರಾಜಿನವರಿಗೂ ಕಳಿಸು. ಹಿಂದಿನ ಹರಾಜಿನಲ್ಲಿ ಅಂಥದ್ದೇ ನಾಣ್ಯ ಎಷ್ಟಕ್ಕೆ ಹೋಯಿತು ಅಂತ ನೆಟ್ಟಿನಲ್ಲೂ ನೋಡಬಹುದು. ಕೇಳುವ ಬೆಲೆ ನೋಡಬೇಡ, ಮಾರಿಹೋದ ಬೆಲೆ ನೋಡು. ಹರಾಜಿಗೆ ಕೊಟ್ಟರೆ ಕಮಿಷನ್ ಎಷ್ಟು, ಹೋಗದಿದ್ದರೆ ವಾಪಸು ಕಳಿಸುವ ಖರ್ಚು ಯಾರದ್ದು, ಬರಹದಲ್ಲಿ ಕೇಳು. ವ್ಯಾಪಾರಿ ಕಡಿಮೆ ಹೇಳಿದರೆ ಎಲ್ಲವೂ ಮೋಸ ಅಂತಲ್ಲ, ಅವನಿಗೂ ಬಾಡಿಗೆ ಉಂಟು. ನಮಗೆ ಮೊದಲೇ ಅಂದಾಜು ಗೊತ್ತಿದ್ದರೆ ಮಾತಾಡಲಿಕ್ಕೆ ಧೈರ್ಯ ಬರುತ್ತದೆ, ಅಷ್ಟೇ.

ಸಮಯ ಇದ್ದರೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯದ ಮ್ಯೂಸಿಯಂಗೆ ಒಮ್ಮೆ ಹೋಗು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದವರು ಅವರೇ. ಅಲ್ಲಿ ಯಾರೂ ಬೆಲೆ ಹೇಳುವುದಿಲ್ಲ, ಆದರೆ ಅಸಲಿ ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿಯಾಗುತ್ತದೆ.

ರಾಘು, ಇದು ನಿನಗೆ. ಸೂಟ್‌ಕೇಸಿಗೆ ಹಾಕಿಕೊಂಡು ಹೋಗುವ ಯೋಚನೆ ಬಿಡು. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, 1972ರ ಕಾಯ್ದೆ ಪ್ರಕಾರ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಹಿಡಿದರೆ ನಾಣ್ಯವೂ ಹೋಯಿತು, ಮರ್ಯಾದೆಯೂ ಹೋಯಿತು. ಇನ್ನೊಂದು, ಇದು ಅಜ್ಜನ ಅಂಗಡಿಯದ್ದು ಅಂತ ನಮಗೆಲ್ಲ ಗೊತ್ತು, ಹಾಗಾಗಿ ತೊಂದರೆ ಇಲ್ಲ. ಯಾರಾದರೂ ಕೇಳಿದರೆ ತಮಾಷೆಗೂ ತೆಂಗಿನ ಗುಂಡಿ ತೋಡುವಾಗ ಸಿಕ್ಕಿತು ಅನ್ನಬೇಡಿ. ನೆಲದಲ್ಲಿ ನಿಧಿ ಸಿಕ್ಕಿದರೆ ಡಿಸಿಗೆ ತಿಳಿಸಬೇಕು ಅಂತ 1878ರಿಂದಲೂ ಕಾನೂನು ಉಂಟು. ಬಾರ್ಕೂರಿನ ನೆಲದಲ್ಲಿ ಹಿಂದೆ ಅಲ್ಲಿ ಆಳಿದ ಆಳುಪ ರಾಜರ ಜೋಡಿ ಮೀನಿನ ವರಹ ಸಿಕ್ಕಿದರೂ ಸಿಕ್ಕೀತು, ಅದಕ್ಕೇ ಹೇಳಿದೆ.

ಪಾಲು ಮಾಡುವುದು ಬೆಲೆ ಗೊತ್ತಾದ ಮೇಲೆ, ಶೋಭಾ. ಎಣಿಸಿ ಮೂರು ಮಾಡಿದರೆ ಒಬ್ಬರಿಗೆ ಪಿಗ್ ರುಪೀ, ಇನ್ನೊಬ್ಬರಿಗೆ ಹುಲಿ ಬರುತ್ತದೆ. ನಿಮ್ಮಲ್ಲಿ ಒಬ್ಬರು ಮೂರು ರಾಶಿ ಹಾಕಿ, ಹಾಕಿದವರು ಕೊನೆಗೆ ಎತ್ತಿಕೊಳ್ಳಿ. ಆಗ ರಾಶಿ ತನ್ನಷ್ಟಕ್ಕೇ ಸಮ ಆಗುತ್ತದೆ. ಮಾರಿದ ದುಡ್ಡಿನ ತೆರಿಗೆ ಸಿ.ಎ. ಹತ್ತಿರ ಕೇಳಿ, ಅದು ನನ್ನ ತಲೆಗೆ ಹೋಗುವುದಿಲ್ಲ.

ವಿನುತಾ, ಶನಿವಾರ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಬರುತ್ತೇನೆ. ತಮ್ಮನ ಹತ್ತಿರ ಸಣ್ಣ ಡಿಜಿಟಲ್ ತಕ್ಕಡಿ ಉಂಟು, ತರುತ್ತೇನೆ, ಆ ನೋಟ್‌ಬುಕ್ಕೂ ತರುತ್ತೇನೆ. ನೀನು ಊಟದ ಮೇಜಿನ ಮೇಲೆ ಒಂದು ಹಳೇ ಪಂಚೆ ಹಾಸಿಡು, ನಾಣ್ಯ ಬಿದ್ದರೆ ಪೆಟ್ಟಾಗಬಾರದು. ಚಿಕ್ಕಮ್ಮ ಹುಣಸೆಹುಳಿ ನೆನೆಹಾಕುವ ಮೊದಲು ಈ ವಾಯ್ಸನ್ನು ಅವರಿಗೆ ಕೇಳಿಸು.