ಅಪ್‌ಡೇಟ್: ಮಗಳ ಕೈಗೆ ದುಡ್ಡು ಕೊಟ್ಟ ಮೇಲೆ

ಹತ್ತು ವರ್ಷದ ಮಗಳು ಹಬ್ಬಕ್ಕೆ ಬಂದ ದುಡ್ಡನ್ನೆಲ್ಲ ಒಂದೇ ದಿನದಲ್ಲಿ ಖರ್ಚು ಮಾಡ್ತಾಳೆ, ಯಾರಿಗೂ ಕೊಡೋ ಮನಸ್ಸಿಲ್ಲ, ಏನು ಮಾಡಲಿ ಅಂತ ಜೂನ್‌ನಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ನೀವು ಹೇಳಿದಂತೆ ವಾರಕ್ಕೆ 50 ರೂಪಾಯಿ ಶುರು ಮಾಡಿದೆ. ಖರ್ಚಿಗೆ, ಉಳಿತಾಯಕ್ಕೆ, ಕೊಡೋದಕ್ಕೆ ಅಂತ ಮೂರು ಉಪ್ಪಿನಕಾಯಿ ಬಾಟಲಿ. ಅಂಚೆ ಕಚೇರಿಯಲ್ಲಿ ಅವಳ ಹೆಸರಲ್ಲೇ ಉಳಿತಾಯ ಖಾತೆಯನ್ನೂ ತೆರೆದೆವು. ಹತ್ತು ವರ್ಷ ತುಂಬಿದ್ರೆ ಮಕ್ಕಳೇ ಖಾತೆ ನಡೆಸಬಹುದು, 500 ರೂಪಾಯಿ ಸಾಕು. ಪಾಸ್‌ಬುಕ್ಕನ್ನು ದಿಂಬಿನ ಕೆಳಗೆ ಇಟ್ಕೊಂಡು ಮಲಗಿದಳು.

ಮೂರನೇ ಬಾಟಲಿ ಮಾತ್ರ ಬಹಳ ದಿನ ಖಾಲಿ. ನಾನು ಒತ್ತಾಯ ಮಾಡಲಿಲ್ಲ, ಅದೇ ಒಳ್ಳೇದಾಯ್ತು ಅನ್ಸುತ್ತೆ. ಕಳೆದ ತಿಂಗಳು ಮಳೇಲಿ ನಮ್ಮ ಬೀದಿಯ ಹೂವಿನಜ್ಜಿ ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ತಾನು ನೆನೀತಾ ಕೂತಿದ್ದರು. ಇವಳು ಮನೆಗೆ ಬಂದವಳೇ ಖರ್ಚಿನ ಬಾಟಲಿ ಸುರಿದು ಎಣಿಸಿದಳು. 180 ರೂಪಾಯಿ. ಛತ್ರಿಗೆ 70 ಕಮ್ಮಿ. ನಾನೇ ಹಾಕ್ತೀನಿ ಅಂದ್ರೆ, "ಬೇಡಮ್ಮ, ಇನ್ನೆರಡು ವಾರ ಕಾಯ್ತೀನಿ" ಅಂದಳು.

ಅಜ್ಜಿ ಮಳೇಲಿ ಕಾಯೋದು ಬೇಡ ಅಂತ ಸಾಲವಾಗಿ ಕೊಟ್ಟೆ. ನಿನ್ನೆ ಕೊನೇ 20 ರೂಪಾಯಿ ತೀರಿಸಿದಳು.