ಯುಗಾದಿ ಅಮಾವಾಸ್ಯೆಗೆ ಆಕಾಶಗಂಗೆ: ಬಾಡಿ ಬದಲಿಸಲಾ, ಲೆನ್ಸ್ ಕೊಳ್ಳಲಾ, ಟ್ರ್ಯಾಕರ್ ತರಲಾ?

ಮುಸ್ಸಂಜೆ:
ನನ್ನ ಬಳಿ ಇರೋದು ನಿಕಾನ್ ಡಿ5600, ಅದರ ಜೊತೆ ಬಂದ 18-55 ಎಎಫ್-ಪಿ ಲೆನ್ಸ್, ಹಗುರವಾದ ಒಂದು ಟ್ರೈಪಾಡ್. ಚಿಕ್ಕಬಳ್ಳಾಪುರದ ಹೊರಗೆ ದಕ್ಷಿಣಕ್ಕೆ ಮುಖ ಮಾಡಿ ತೆಗೆದದ್ದು: 18 ಎಂಎಂ, ಎಫ್ 3.5, 30 ಸೆಕೆಂಡ್, ಐಎಸ್‌ಒ 6400. ಆಕಾಶವೆಲ್ಲ ಕಿತ್ತಳೆ ಬಣ್ಣ, ನಕ್ಷತ್ರಗಳು ಅಕ್ಕಿಕಾಳಿನ ಹಾಗೆ ಉದ್ದುದ್ದ. 30,000 ರೂಪಾಯಿ ತೆಗೆದಿಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಬಾಡಿ, ವೈಡ್ ಲೆನ್ಸ್, ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್, ಈ ಮೂರರಲ್ಲಿ ಮೊದಲು ಯಾವುದು?

ಕಗ್ಗತ್ತಲು:
ಮೊದಲು ಜಾಗ ಬದಲಿಸಿ, ಅದಕ್ಕೆ ಪೆಟ್ರೋಲ್ ಬಿಟ್ಟರೆ ಬೇರೆ ಖರ್ಚಿಲ್ಲ. ಚಿಕ್ಕಬಳ್ಳಾಪುರ ಇರೋದು ಬೆಂಗಳೂರಿನ ಉತ್ತರಕ್ಕೆ. ಆಕಾಶಗಂಗೆಯ ನಡುಭಾಗ ಇರೋದು ಧನು ರಾಶಿಯಲ್ಲಿ, ಮೂಲಾ ನಕ್ಷತ್ರದ ಪಕ್ಕದಲ್ಲಿ. ನಮ್ಮ ಕಡೆಯಿಂದ ಅದು ದಕ್ಷಿಣ ದಿಕ್ಕಿನಲ್ಲಿ ಹೆಚ್ಚೆಂದರೆ 48 ಡಿಗ್ರಿ ಏರುತ್ತದೆ. ಅಂದರೆ ನೀವು ಇಡೀ ಬೆಂಗಳೂರಿನ ಬೆಳಕಿನ ಮೂಲಕ ಅದನ್ನು ನೋಡುತ್ತಿದ್ದೀರಿ. ಎಲ್ಲರೂ ನಂದಿಬೆಟ್ಟ ಅಂತಾರೆ, ಅಲ್ಲೂ ಇದೇ ಕಥೆ, ಮೇಲಾಗಿ ರಾತ್ರಿ ಮೇಲೆ ಬಿಡುವುದಿಲ್ಲ. ಕನಕಪುರ ದಾಟಿ, ಇನ್ನೂ ಒಳ್ಳೆಯದೆಂದರೆ ಕೊಳ್ಳೇಗಾಲ, ಹನೂರಿನ ಕಡೆ ಹೋಗಿ. ಊರಿನ ಬೆಳಕು ಬೆನ್ನ ಹಿಂದೆ ಬೀಳುತ್ತದೆ. ಕಾಡಿನಂಚಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂರಬೇಡಿ. ಪರಿಚಯದವರ ತೋಟವೋ ಹೋಮ್‌ಸ್ಟೇ ತಾರಸಿಯೋ ಸಾಕು, ಅಂಗಳದ ದೀಪ ಆರಿಸಲು ಮೊದಲೇ ಹೇಳಿಟ್ಟಿರಿ.

ಯುಗಾದಿ ಅಮಾವಾಸ್ಯೆ ಒಳ್ಳೆಯ ಆಯ್ಕೆ. ಮಾರ್ಚ್ ಕೊನೆಯಲ್ಲಿ ಬಿದ್ದರೆ ನಡುಭಾಗ ನಡುರಾತ್ರಿ ಕಳೆದ ಮೇಲೆ ಆಗ್ನೇಯದಲ್ಲಿ ಮೂಡುತ್ತದೆ, 4 ಗಂಟೆಗೆ ಚೆನ್ನಾಗಿ ಮೇಲೆ ಬಂದಿರುತ್ತದೆ. 5 ದಾಟಿದರೆ ಬೆಳಗಿನ ಬೆಳಕು ಶುರು. ಜೂನ್ ಬಂದರೆ ಮೋಡ, ಆಮೇಲೆ ಕ್ಯಾಮೆರಾ ಕಪಾಟಿಗೆ.

ದುಡ್ಡಿನ ವಿಷಯಕ್ಕೆ ಬಂದರೆ, ಬಾಡಿ ಬೇಡ. ಡಿ5600 ಸೆನ್ಸರ್‌ನಲ್ಲಿ ಏನೂ ಕೊರತೆಯಿಲ್ಲ. ಫುಲ್ ಫ್ರೇಮ್ ತಂದರೆ ಅದಕ್ಕೊಂದು ಲೆನ್ಸನ್ನೂ ಕೊಳ್ಳಬೇಕು, 30,000ದಲ್ಲಿ ಎರಡೂ ಆಗುವುದಿಲ್ಲ. ಸಮ್ಯಾಂಗ್ 14 ಎಂಎಂ ಎಫ್ 2.8 ಸೆಕೆಂಡ್ ಹ್ಯಾಂಡ್ ಹುಡುಕಿ, ಮ್ಯಾನುಯಲ್ ಫೋಕಸ್ ಲೆನ್ಸು, ನಕ್ಷತ್ರಕ್ಕೆ ಅದೇ ಬೇಕಾಗಿರೋದು. ನಿಕಾನ್‌ಗೆ ಚಿಪ್ ಇರುವ ಎಇ ಮಾದರಿ ಸಿಕ್ಕರೆ ಅದನ್ನೇ ತನ್ನಿ. ಅದರಲ್ಲಿ ಅಪರ್ಚರ್ (ಬೆಳಕಿನ ಕಿಂಡಿ) ರಿಂಗನ್ನು 22ಕ್ಕೆ ಲಾಕ್ ಮಾಡಿಟ್ಟು ಕ್ಯಾಮೆರಾದಿಂದಲೇ ಬದಲಿಸಬೇಕು. ಲಾಕ್ ಮಾಡದೆ ಇದ್ದರೆ ಕ್ಯಾಮೆರಾ ಎರರ್ ತೋರಿಸುತ್ತದೆ, ಲೆನ್ಸ್ ಕೆಟ್ಟಿದೆ ಅಂತ ವಾಪಸ್ ಕೊಟ್ಟುಬಿಡಬೇಡಿ.

ಮೂರುಕಾಲು:
ಲೆನ್ಸ್ ಕೊಳ್ಳುವ ಮುಂಚೆ ಅಕ್ಕಿಕಾಳು ಯಾಕಾಯ್ತು ಅಂತ ನೋಡಿ. ಚಿತ್ರವನ್ನು 100% ದೊಡ್ಡದು ಮಾಡಿ. ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ನೇರವಾಗಿ ಎಳೆದಂತಿದ್ದರೆ ಎಕ್ಸ್‌ಪೋಷರ್ ಜಾಸ್ತಿಯಾಗಿದೆ. ಕೊಕ್ಕೆಯಾಗಿಯೋ ಜೋಡಿಯಾಗಿಯೋ ಕಂಡರೆ ಟ್ರೈಪಾಡ್ ಅಲುಗಿದೆ. ಮೂಲೆಗಳಲ್ಲಿ ಮಾತ್ರ ರೆಕ್ಕೆ ಬಿಚ್ಚಿದ ಹಕ್ಕಿಯಂತಿದ್ದರೆ ಅದು ಲೆನ್ಸಿನ ದೋಷ, ಅಪರ್ಚರನ್ನು ಒಂದು ಸ್ಟಾಪ್ (ಒಂದು ಹಂತ) ಕಿರಿದು ಮಾಡಿದರೆ ಕಡಿಮೆಯಾಗುತ್ತದೆ. ದುಂಡಗೆ ಬೋಂಡಾ ಥರ ಇದ್ದು ಸಣ್ಣ ನಕ್ಷತ್ರಗಳೇ ಕಾಣದಿದ್ದರೆ ಫೋಕಸ್ ತಪ್ಪಿದೆ.

ನಿಮ್ಮದು ಮೊದಲನೆಯದು, ಲೆಕ್ಕವೇ ಹೇಳುತ್ತದೆ. ಡಿ5600 ಪಿಕ್ಸೆಲ್ ಸುಮಾರು 3.9 ಮೈಕ್ರಾನ್. 18 ಎಂಎಂನಲ್ಲಿ 30 ಸೆಕೆಂಡಿಗೆ ಧನು ರಾಶಿಯ ನಕ್ಷತ್ರ 9 ಪಿಕ್ಸೆಲ್ ಸರಿಯುತ್ತದೆ. ನಕ್ಷತ್ರ ಎಳೆಯದಂತೆ ಎಷ್ಟು ಸೆಕೆಂಡ್ ತೆಗೆಯಬಹುದು ಅಂತ ಹೇಳುವ 500ರ ಸೂತ್ರ, ಅಂದರೆ 500 ಭಾಗಿಸು 27 (ನಿಮ್ಮ ಸಣ್ಣ ಸೆನ್ಸರಿಗೆ 18ರ ಒಂದೂವರೆ ಪಟ್ಟು), ಹಾಕಿದರೂ 18 ಸೆಕೆಂಡ್ ಬರುತ್ತದೆ. ಅದು ಫಿಲ್ಮ್ ಕಾಲದ ಧಾರಾಳ. ಎನ್‌ಪಿಎಫ್ ಸೂತ್ರ ಬಳಸಿ: ಎಫ್ ಸಂಖ್ಯೆಯನ್ನು 35ರಿಂದ, ಪಿಕ್ಸೆಲ್ ಮೈಕ್ರಾನನ್ನು 30ರಿಂದ ಗುಣಿಸಿ, ಕೂಡಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. ಕಿಟ್ ಲೆನ್ಸಿಗೆ 13 ಸೆಕೆಂಡ್, 14 ಎಂಎಂ ಎಫ್ 2.8ಕ್ಕೆ 15.

ಈ ಎಎಫ್-ಪಿ ಲೆನ್ಸಿನ ಇನ್ನೊಂದು ಕಿರಿಕಿರಿ: ಫೋಕಸ್ ರಿಂಗ್ ಎಲ್ಲೂ ನಿಲ್ಲದೆ ಸುತ್ತುತ್ತಲೇ ಇರುತ್ತದೆ, ದೂರದ ಗುರುತೂ ಇಲ್ಲ. ಮೆನುವಿನಲ್ಲಿ ಎಂಎಫ್ (ಮ್ಯಾನುಯಲ್ ಫೋಕಸ್) ಆಯ್ದು, ವಿಆರ್ (ಕೈನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಲೈವ್ ವ್ಯೂನಲ್ಲಿ ಸ್ವಾತಿ ನಕ್ಷತ್ರವನ್ನು ಹಿಡಿಯಿರಿ, ಆ ಹೊತ್ತಿಗೆ ನೆತ್ತಿಯ ಹತ್ತಿರ ಇರುತ್ತದೆ. ಪೂರ್ತಿ ಝೂಮ್ ಮಾಡಿ ರಿಂಗನ್ನು ಕೂದಲೆಳೆಯಷ್ಟೇ ತಿರುಗಿಸಿ. ಚುಕ್ಕಿ ಚಿಕ್ಕದಾಗುತ್ತಾ ಹೋಗಿ ಮತ್ತೆ ದಪ್ಪವಾಗಲು ಶುರುವಾದಾಗ ಅಷ್ಟೇ ಹಿಂದಕ್ಕೆ. ಲೆನ್ಸನ್ನು 18ರಲ್ಲಿಟ್ಟೇ ಫೋಕಸ್ ಮಾಡಿ. 55ರಲ್ಲಿ ಮಾಡಿ 18ಕ್ಕೆ ತಂದರೆ ಜಾರುತ್ತದೆ. ಕ್ಯಾಮೆರಾ ಆಫ್ ಮಾಡಿದರೆ, ತಾನೇ ನಿದ್ದೆಗೆ ಹೋದರೂ, ಫೋಕಸ್ ಬದಲಾಗಬಹುದು. ಸ್ಟ್ಯಾಂಡ್‌ಬೈ ಟೈಮರನ್ನು ಉದ್ದ ಮಾಡಿಡಿ.

ಟ್ರೈಪಾಡಿನ ನಡುಕಂಬ ಎತ್ತಬೇಡಿ, ಬ್ಯಾಗನ್ನು ಅದಕ್ಕೇ ನೇತುಹಾಕಿ. ಬ್ಯಾಗ್ ಗಾಳಿಗೆ ಜೋತಾಡುವಂತಿದ್ದರೆ ತಳ ನೆಲಕ್ಕೆ ತಾಗಿರಲಿ.

ಮುಸ್ಸಂಜೆ:
ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಟ್ರ್ಯಾಕರ್ ಇದ್ದರೆ ಕಿಟ್ ಲೆನ್ಸಿನಲ್ಲೇ 2 ನಿಮಿಷ ತೆಗೆಯಬಹುದಲ್ಲ? ಲೆನ್ಸ್ ದುಡ್ಡು ಉಳಿಯುತ್ತದೆ.

ಉತ್ತರಮುಖಿ:
ತೆಗೆಯಬಹುದು, ಧ್ರುವ ನಕ್ಷತ್ರ ಸಿಕ್ಕರೆ! ಟ್ರ್ಯಾಕರಿನ ಅಕ್ಷವನ್ನು ಧ್ರುವದ ಕಡೆಗೆ ಹೊಂದಿಸಬೇಕು. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿ ಮೇಲೆ, ಬೀದರಿನಲ್ಲೂ 18. ಕೈ ಮುಂದೆ ಚಾಚಿ ಮುಷ್ಟಿ ಕಟ್ಟಿದರೆ ಅದೇ ಸುಮಾರು 10 ಡಿಗ್ರಿ. ಒಂದು ಮಾವಿನ ಮರ ಅಡ್ಡ ಬಂದರೆ ಮುಗಿಯಿತು. ಹನೂರಿನ ಕಡೆ ಹೋದರೆ ಉತ್ತರದಲ್ಲಿ ಬೆಂಗಳೂರಿನ ಬೆಳಕು ಬೇರೆ. ದಕ್ಷಿಣಕ್ಕೂ ಉತ್ತರಕ್ಕೂ ಬಯಲಿರುವ ಜಾಗ ಸಿಕ್ಕಿದ ಮೇಲೆ ಟ್ರ್ಯಾಕರ್ ಯೋಚನೆ ಮಾಡಿ. 2 ನಿಮಿಷದಲ್ಲಿ ಮುಂದಿನ ಬಂಡೆ, ಮರ ಎಲ್ಲ ಕಲಸಿಹೋಗುತ್ತವೆ, ಅವನ್ನು ಟ್ರ್ಯಾಕರ್ ನಿಲ್ಲಿಸಿ ಬೇರೆ ತೆಗೆದು ಜೋಡಿಸಬೇಕು.

ಅದರ ಬದಲು ಸ್ಟ್ಯಾಕಿಂಗ್, ಅಂದರೆ ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸುವುದನ್ನು ಕಲಿಯಿರಿ. ರಾ ಫೈಲ್, ಐಎಸ್‌ಒ 1600 ಅಥವಾ 3200, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್. ಅದೇ ಜಾಗದಿಂದ 16 ಚಿತ್ರ ತೆಗೆದು ಸೀಕ್ವೇಟರ್‌ಗೆ ಹಾಕಿದರೆ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೀಕ್ವೇಟರ್ ವಿಂಡೋಸ್‌ನಲ್ಲಿ ಉಚಿತ, ನೆಲವನ್ನು ಅಲುಗಿಸದೆ ಆಕಾಶವನ್ನಷ್ಟೇ ಹೊಂದಿಸುತ್ತದೆ. ಡಿ5600ನಲ್ಲಿ ಇಂಟರ್ವಲ್ ಟೈಮರ್ ಒಳಗೇ ಇದೆ, ರಿಮೋಟ್ ಕೊಳ್ಳಬೇಡಿ. 15 ಸೆಕೆಂಡ್ ಅಂದರೆ ಕ್ಯಾಮೆರಾ ನಿಜಕ್ಕೂ 16 ಸೆಕೆಂಡ್ ತೆರೆದಿರುತ್ತದೆ. ಇಂಟರ್ವಲ್ 18 ಇಡಿ, 15 ಇಟ್ಟರೆ ಮಧ್ಯೆ ಚಿತ್ರಗಳು ತಪ್ಪುತ್ತವೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಇರಲಿ, ಇಲ್ಲದಿದ್ದರೆ ಪ್ರತಿ ಚಿತ್ರಕ್ಕೂ ಎರಡರಷ್ಟು ಹೊತ್ತು. ಅದರ ಬದಲು ಕೊನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಸೆಟ್ಟಿಂಗಿನಲ್ಲಿ 8 ಡಾರ್ಕ್ ಫ್ರೇಮ್ (ಸೆನ್ಸರಿನ ನಾಯ್ಸ್ ಕಳೆಯಲು ಬಳಸುವ ಕಪ್ಪು ಚಿತ್ರ) ತೆಗೆಯಿರಿ. ಕ್ಯಾಮೆರಾ ಮನೆಗೆ ತಂದು ಬೆಚ್ಚಗಾದ ಮೇಲೆ ತೆಗೆದರೆ ಉಪಯೋಗವಿಲ್ಲ.

ಕಗ್ಗತ್ತಲು:
ಡಾರ್ಕ್ ತೆಗೆಯುವಾಗ ವ್ಯೂಫೈಂಡರಿಗೂ ಕಪ್ಪು ಬಟ್ಟೆ ಮುಚ್ಚಿ, ಟಾರ್ಚ್ ಬೆಳಕು ಅಲ್ಲಿಂದಲೂ ನುಗ್ಗುತ್ತದೆ.

ಇಬ್ಬನಿ ಬಗ್ಗೆ ಯಾರೂ ಹೇಳಲಿಲ್ಲ. ಬೆಳಗಿನ ಜಾವ 3ರ ನಂತರ ಲೆನ್ಸಿನ ಗಾಜು ಮಂಜಾಗುತ್ತದೆ, ಸಣ್ಣ ಪರದೆಯಲ್ಲಿ ಗೊತ್ತೇ ಆಗುವುದಿಲ್ಲ. ಚಿತ್ರಗಳು ಒಂದೊಂದಾಗಿ ಮೆತ್ತಗಾಗುತ್ತಾ ಹೋದರೆ ಇದೇ ಕಾರಣ. ಪವರ್ ಬ್ಯಾಂಕಿಗೆ ಹಾಕುವ ಯುಎಸ್‌ಬಿ ಹೀಟರ್ ಪಟ್ಟಿಯನ್ನು ಲೆನ್ಸಿನ ತುದಿಗೆ ಸುತ್ತಿ, ಮಂಜು ಕೂರುವ ಮೊದಲೇ ಸಣ್ಣ ಬಿಸಿಯಲ್ಲಿ ಆನ್ ಮಾಡಿ. ಕರವಸ್ತ್ರದಿಂದ ಒರೆಸಿದರೆ ಎರಡು ನಿಮಿಷಕ್ಕೆ ಮತ್ತೆ ಕೂರುತ್ತದೆ, ಜೊತೆಗೆ ಕೈ ತಾಗಿ ಫೋಕಸ್ಸೂ ಹೋಗುತ್ತದೆ.